ಮಹ್ಜೂಬಾಳ ಹೊಟ್ಟೆಯಲ್ಲಿ ಮಲಗಿದ್ದ ಮಗು

ಸೆಫ್ರೂ ಊರಿನ ಹೆಂಗಸರ ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಬೆಳಗಿನ ರೊಟ್ಟಿ ಓಣಿಯ ದೊಡ್ಡ ಒಲೆಗೆ ಹೋಗಿ ಬೆಂದು ಬಂದಮೇಲೆ ಒಂದೊಂದು ಹೊಸ್ತಿಲಲ್ಲೂ ಒಬ್ಬೊಬ್ಬಳು ಕೂತಿರುತ್ತಾಳೆ. ತೊಡೆಯ ಮೇಲೆ ರೇಷ್ಮೆ ನೂಲು, ಬೆರಳಲ್ಲಿ ಸೂಜಿ. ಜಲಾಬಾ ನಿಲುವಂಗಿಗೆ ಹಚ್ಚುವ ಪುಟಾಣಿ ಗುಂಡಿಗಳನ್ನು ಹೆಣೆಯುತ್ತಾ ಎದುರು ಮನೆಯವಳ ಸಂಸಾರವನ್ನೂ ಬಿಚ್ಚಿ ಹರಡುತ್ತಾರೆ. ಇಂಥ ಓಣಿಯಲ್ಲಿ ಮಹ್ಜೂಬಾಳ ಹೊಟ್ಟೆ ಗುಟ್ಟಾಗಿ ಉಳಿಯುವುದುಂಟೇ? ಅದೂ ಹಾಳಾಗಲಿ ಎಂದರೆ, ಅವಳ ಅತ್ತೆ ಯಾಮ್ನಾ, ಮರ್ಯಾದೆಗೆ ಎಲ್ಲರ ಬಾಯಲ್ಲೂ ಲಲ್ಲಾ ಯಾಮ್ನಾ, ತಾನೇ ಊರಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು: "ನನ್ನ ಸೊಸೆ ಹೊಟ್ಟೇಲಿ ನನ್ನ ಅಲ್ಲಾಲನ ಮಗು ಮಲಗಿದೆ."

ಅಲ್ಲಾಲ್ ಸತ್ತು ಆಗಲೇ ಆರು ವರ್ಷವಾಗಿತ್ತು.

ನಗಬೇಡಿ. ನಮ್ಮ ಕಡೆ ಹೊಟ್ಟೆಯೊಳಗೆ ಮಗು ನಿದ್ದೆ ಹೋಗುತ್ತದೆ. ಬಸುರಿಗೆ ಸಿಡಿಲು ಬಡಿದಂಥ ಸುದ್ದಿ ಬಂತೆನ್ನಿ, ಗಂಡ ಸಮುದ್ರ ದಾಟಿ ಹೋದನೆನ್ನಿ, ಒಳಗಿನ ಕೂಸು ಹೆದರಿ ಮುದುಡಿ ಮಲಗಿಬಿಡುತ್ತದೆ. ಒಂದು ವರ್ಷವೋ ಐದು ವರ್ಷವೋ, ಏಳುವುದು ಅದರ ಇಷ್ಟ. ನಮ್ಮ ಅಜ್ಜಿಯಂದಿರೆಲ್ಲ ಇದನ್ನು ನಂಬಿದವರೇ. ಈ ನಂಬಿಕೆಯ ಮರೆಯಲ್ಲಿ ಎಷ್ಟೋ ವಿಧವೆಯರ ಮಾನ ಉಳಿದಿದೆ, ಮಕ್ಕಳಾಗದ ಎಷ್ಟೋ ಹೆಣ್ಣುಮಕ್ಕಳಿಗೆ ತವರಿಗೆ ಅಟ್ಟಿಸಿಕೊಳ್ಳುವುದು ತಪ್ಪಿದೆ. ಹಾಗಾಗಿ ಅದನ್ನು ಹೀಗಳೆಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಮಹ್ಜೂಬಾಳ ವಿಷಯದಲ್ಲಿ ಅದರ ಮೇಲೆ ನನಗೆ ಕೆಟ್ಟ ಸಿಟ್ಟಿದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಅಲ್ಲಾಲ್ ತರಕಾರಿ ಲಾರಿ ಓಡಿಸುತ್ತಿದ್ದ. ಹಿಮ ಬಿದ್ದ ಒಂದು ಬೆಳಗ್ಗೆ ಬೆಟ್ಟದ ದಾರಿಯಲ್ಲಿ ಲಾರಿ ಜಾರಿ ಕಮರಿಗೆ ಬಿತ್ತು. ಆ ತಿಂಗಳು ಮಹ್ಜೂಬಾ ಮುಟ್ಟಾಗಲಿಲ್ಲ. ಮಗನನ್ನು ಮಣ್ಣು ಮಾಡಿದಂದಿನಿಂದ ಕಲ್ಲಾಗಿ ಕೂತಿದ್ದ ಲಲ್ಲಾ ಯಾಮ್ನಾ ಆ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಎದ್ದು ಮುಖ ತೊಳೆದುಕೊಂಡಳು. ಮುಂದಿನ ತಿಂಗಳು ಮುಟ್ಟು ಬಂತು, ಕಟ್ಟೆಯೊಡೆದ ಹಾಗೆ ಬಂತು. ಆದರೆ ಅಷ್ಟರಲ್ಲಿ ಮುದುಕಿ ತೀರ್ಮಾನ ಮಾಡಿ ಆಗಿತ್ತು. "ಕೂಸು ಒಳಮನೇಲಿ ಮಲಗಿದ್ರೆ ಅಂಗಳ ತೊಳೀಬಾರದು ಅಂತ ಇದ್ಯಾ? ಅದರ ಪಾಡಿಗೆ ಅದು, ಇದರ ಪಾಡಿಗೆ ಇದು," ಎಂದಳು. ಈ ಮಾತಿಗೆ ಏನು ಹೇಳುತ್ತೀರಿ?

ವರ್ಷಗಳು ಹೋದ ಹಾಗೆ ಮಹ್ಜೂಬಾಳ ಕಿಬ್ಬೊಟ್ಟೆ ನಿಜಕ್ಕೂ ಉಬ್ಬಿತು. ಮೂರು ತಿಂಗಳ ಬಸುರಿಯ ಹೊಟ್ಟೆಯಂತೆ ಗಟ್ಟಿಯಾಗಿ, ದುಂಡಗೆ. ಲಲ್ಲಾ ಯಾಮ್ನಾಗೆ ಇನ್ನೇನು ಬೇಕು! ಬಿಂದಿಗೆ ಎತ್ತಬೇಡ, ಮೆಟ್ಟಿಲು ಹತ್ತಬೇಡ, ಒದ್ದೆ ಕಂಬಳಿ ಹಿಂಡಬೇಡ. ಸಾರಿನ ಬೋಗುಣಿ ಇಳಿಸಿದಾಗ ಮಾಂಸದ ಒಳ್ಳೆ ತುಂಡು ಸೊಸೆಯ ಕಡೆಗೇ ಸರಿಯುತ್ತಿತ್ತು. "ತಿನ್ನೇ ಕತ್ತೆ, ನಿನಗಲ್ಲ, ಅವನಿಗೆ," ಎಂದು ಗದರುತ್ತಿದ್ದಳು. ರಂಜಾನಿನಲ್ಲಿ ಮುಟ್ಟಿನಿಂದ ತಪ್ಪಿದ ಉಪವಾಸಗಳನ್ನು ಹೆಂಗಸರು ಚಳಿಗಾಲದ ಚಿಕ್ಕ ಹಗಲಿನಲ್ಲಿ ತೀರಿಸುವುದು ನಮ್ಮ ರೂಢಿ. ಮಹ್ಜೂಬಾಗೆ ತಿಂಗಳಲ್ಲಿ ಹದಿನೈದು ದಿನ ರಕ್ತವೇ, ಬಾಕಿ ಬೆಟ್ಟದಷ್ಟಿರುತ್ತಿತ್ತು. ಅವಳು ಒಬ್ಬಳೇ ಉಪವಾಸವಿರಬಾರದೆಂದು, ಯಾವ ಬಾಕಿಯೂ ಇಲ್ಲದ ಮುದುಕಿ ತಾನೂ ಜೊತೆಗೆ ಉಪವಾಸ ಮಾಡುತ್ತಿದ್ದಳು. ಸಂಜೆ ಇಬ್ಬರೂ ಒಂದೇ ಖರ್ಜೂರವನ್ನು ಸೀಳಿ ತಿನ್ನುತ್ತಿದ್ದರು.

ಮಹ್ಜೂಬಾ ಹಾಲು ಕುಡಿಯುವಾಗಲೇ ತಾಯಿಯನ್ನು ಕಳೆದುಕೊಂಡವಳು. ಬೆಳೆದದ್ದು ಅಣ್ಣನ ಮನೆಯಲ್ಲಿ, ಅತ್ತಿಗೆಯ ಕಣ್ಣಳತೆಯಲ್ಲಿ. ತಾಯಿ ಎಂದರೆ ಹೀಗೆ ಬೈಯುತ್ತಾಳೆ, ಹೀಗೆ ತಿನ್ನಿಸುತ್ತಾಳೆ ಎಂದು ಅವಳಿಗೆ ಗೊತ್ತಾದದ್ದೇ ಈ ಮನೆಯಲ್ಲಿ, ಗಂಡ ಸತ್ತ ಮೇಲೆ. ಈ ಅಕ್ಕರೆಯೆಲ್ಲ ತನ್ನ ಮೇಲೋ, ಹೊಟ್ಟೆಯ ಮೇಲೋ? ಈ ಪ್ರಶ್ನೆ ಅವಳನ್ನು ಒಳಗೇ ಕೊರೆಯುತ್ತಿತ್ತು. ಕೇಳಲು ಧೈರ್ಯವಿರಲಿಲ್ಲ. ಹೊಟ್ಟೆಯಲ್ಲಿ ಮಗುವಿಲ್ಲ ಎಂದಾದರೆ ಈ ಮನೆಯಲ್ಲಿ ತಾನು ಯಾರು?

ಆದರೆ ನೋವು! ತಿಂಗಳು ತಿಂಗಳೂ ಸೊಂಟದಿಂದ ಎದ್ದು ತೊಡೆಗೆ ಇಳಿಯುವ ನೋವು, ಕರುಳನ್ನು ಹಿಂಡಿ ಒಣಗಹಾಕಿದ ಹಾಗೆ. ಅವಳು ದಿಂಬು ಕಚ್ಚಿಕೊಂಡು ಮುಲುಗುತ್ತಿದ್ದರೆ ಲಲ್ಲಾ ಯಾಮ್ನಾ ಓಡಿಬಂದು ಹೊಟ್ಟೆಯ ಮೇಲೆ ಕೈಯಿಡುತ್ತಿದ್ದಳು. ಮುದುಕಿಯ ಮುಖ ಅರಳುತ್ತಿತ್ತು.

"ತಿರುಗ್ತಾ ಇದೆ ಕಣೇ! ಮಗ್ಗುಲು ಬದಲಾಯಿಸ್ತಾ ಇದೆ!"

"ಲಲ್ಲಾ, ತಡೆಯೋಕಾಗ್ತಿಲ್ಲ. ಒಂದು ಮಾತ್ರೆ ಕೊಡಿ."

"ಮಾತ್ರೆಗೀತ್ರೆ ಬೇಡ, ಕೂಸಿಗೆ ನಂಜಾಗತ್ತೆ. ಸ್ವಲ್ಪ ಹಲ್ಲು ಕಚ್ಕೊಂಡಿರು ನನ್ನ ಬಂಗಾರ. ಇವತ್ತು ತಿರುಗಿದೆ, ನಾಳೆ ಏಳತ್ತೆ."

ಹೀಗೆ ಆರು ವರ್ಷ ಹಲ್ಲು ಕಚ್ಚಿಕೊಂಡಿದ್ದಳು ನಮ್ಮ ಮಹ್ಜೂಬಾ.

ಒಂದು ದಿನ ಹೊಸ್ತಿಲಲ್ಲಿ ಗುಂಡಿ ಹೆಣೆಯುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿ ಬಿದ್ದಳು. ಮುಖ ಸುಣ್ಣದಂತಿತ್ತು. ಎತ್ತಿದವಳು ಎದುರು ಮನೆಯ ಶಾಮಾ. ಇವಳು ಓಣಿಯಲ್ಲಿ ಬಾಯಿ ಜೋರಿಗೆ ಹೆಸರಾದವಳು; ಆದರೆ ಬಾಯಿಯಷ್ಟೇ ಅಲ್ಲ, ಕರುಳೂ ಇದ್ದವಳು. ಮುಖಕ್ಕೆ ನೀರು ಚಿಮುಕಿಸಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಮೆಲ್ಲಗೆ ಕಿವಿಯಲ್ಲಿ ಹೇಳಿದಳು: "ಒಳಗೆ ಯಾರು ಮಲಗಿದಾರೋ ನಂಗೊತ್ತಿಲ್ಲ. ಹಿಂಗೇ ಬಿಟ್ರೆ ನೀನಂತೂ ಮಲಗ್ತೀಯ, ಮತ್ತೆ ಏಳಲ್ಲ. ನಾಳೆ ಫೆಸ್ ಪಟ್ಟಣಕ್ಕೆ ನೂಲು ತರೋಕೆ ಹೋಗ್ತೀವಿ ಅಂತ ನಿಮ್ಮತ್ತೆಗೆ ಹೇಳು."

ನೂಲು ತರಲು ಹೋದವರು ಫೆಸ್‌ನಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಡಾಕ್ಟರ್ ಸ್ಕಲ್ಲಿ ಎಂಬಾಕೆ, ನಡುವಯಸ್ಸಿನ ಹೆಂಗಸು, ಅವಸರವಿಲ್ಲದ ಮಾತು. ಮಹ್ಜೂಬಾಳ ಹೊಟ್ಟೆಗೆ ತಣ್ಣನೆಯ ಲೇಪ ಹಚ್ಚಿ, ಸ್ಕ್ಯಾನಿಂಗ್ ಯಂತ್ರವನ್ನು ಅತ್ತಿತ್ತ ಆಡಿಸಿ, ಪರದೆಯನ್ನು ಬಹಳ ಹೊತ್ತು ನೋಡಿದಳು.

"ಇದಕ್ಕೆ ಅಡಿನೊಮಯೋಸಿಸ್ ಅಂತಾರಮ್ಮ," ಎಂದಳು.

"ಯಾ ಲತೀಫ್, ದೇವರೇ! ಹೆಸರು ಹೇಳೋದ್ರೊಳಗೆ ರೋಗಿ ಪ್ರಾಣ ಹೋಗತ್ತೆ," ಎಂದಳು ಶಾಮಾ.

ಡಾಕ್ಟರಮ್ಮ ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. "ಗರ್ಭಕೋಶದ ಒಳಗೆ ಒಂದು ಪದರ ಇರತ್ತೆ. ತಿಂಗಳು ತಿಂಗಳೂ ಬೆಳೆದು, ಕಳಚಿ, ಮುಟ್ಟಾಗಿ ಹೊರಗೆ ಹೋಗತ್ತೆ. ನಿಮಗೆ ಆ ಪದರದ ಚೂರುಗಳು ಗೋಡೆಯ ಮಾಂಸದ ಒಳಕ್ಕೇ ಹೊಕ್ಕಿವೆ, ಮಣ್ಣಿನ ಗೋಡೆಗೆ ನೀರು ಇಳಿದ ಹಾಗೆ. ಅಲ್ಲಿದ್ರೂ ಅವು ಸುಮ್ನಿರಲ್ಲ, ಊದ್ಕೊಳ್ತವೆ, ಒಸರ್ತವೆ. ಹೊರಗೆ ಹೋಗೋಕೆ ದಾರಿ ಇಲ್ಲ. ಅದಕ್ಕೇ ಗೋಡೆ ದಪ್ಪ ಆಗಿದೆ, ಹೊಟ್ಟೆ ಉಬ್ಬಿದೆ, ಅಷ್ಟು ರಕ್ತ, ಅಷ್ಟು ನೋವು. ಕ್ಯಾನ್ಸರ್ ಅಲ್ಲ, ಹೆದರಬೇಡಿ. ಯಾಕೆ ಬರತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ನೀವು ಮಾಡಿದ ತಪ್ಪಿನಿಂದಂತೂ ಬಂದಿದ್ದಲ್ಲ."

ಮಹ್ಜೂಬಾ ಪರದೆಯತ್ತ ನೋಡುತ್ತಾ ಕೇಳಿದಳು: "ಮಗು?"

ಡಾಕ್ಟರ್ ಸ್ಕಲ್ಲಿಯೂ ಇದೇ ಮಣ್ಣಿನವಳು, ಅಜ್ಜಿಯ ಮಡಿಲಲ್ಲಿ ಬೆಳೆದವಳು. ಯಾವ ಮಗು ಎಂದು ಕೇಳಲಿಲ್ಲ. ಕೈಹಿಡಿದು ಹೇಳಿದಳು: "ಇಲ್ಲ ತಂಗಿ. ಇರಲಿಲ್ಲ."

"ಹಾಗಾದ್ರೆ ನನ್ನ ನೋವು ಬರೀ ನೋವೇನಾ?"

"ಬರೀ ನೋವೇ. ಇಷ್ಟು ದಿನ ಹೇಗೆ ತಡ್ಕೊಂಡ್ರೋ ದೇವರಿಗೇ ಗೊತ್ತು."

ಆಗ ಅವಳು ಅತ್ತಳು. ಮಗುವಿಲ್ಲವೆಂದೋ, ನೋವನ್ನು ಒಬ್ಬರಾದರೂ ನೋವು ಎಂದರಲ್ಲ ಎಂದೋ, ಅವಳಿಗೇ ತಿಳಿಯಲಿಲ್ಲ. ಎರಡಕ್ಕೂ ಇರಬೇಕು.

ದಾರಿಗಳು ಹಲವಿದ್ದವು. ರಕ್ತ ತೀರಾ ಇಳಿದುಹೋಗಿದ್ದರಿಂದ ಮೊದಲು ಕಬ್ಬಿಣದ ಮಾತ್ರೆ, ಜೊತೆಗೆ ಮುಟ್ಟನ್ನು ತಡೆಹಿಡಿಯುವ ಮಾತ್ರೆ. ಅದು ಒಗ್ಗಿದರೆ ಅದರಲ್ಲೇ ಮುಂದುವರಿಯಬಹುದು. ಗರ್ಭಕೋಶದೊಳಗೆ ಔಷಧಿ ಬಿಡುವ ಸಣ್ಣ ಸಾಧನವೊಂದನ್ನು ಇಡಿಸಿಕೊಳ್ಳಬಹುದು. ಅದೂ ಸಾಲದಿದ್ದರೆ, ಮಕ್ಕಳು ಬೇಡವೆಂದಿದ್ದರೆ, ಗರ್ಭಕೋಶವನ್ನೇ ತೆಗೆಸಬಹುದು. "ಆತುರ ಇಲ್ಲ. ನಿಮ್ಮ ಮೈ, ನಿಮ್ಮ ಮಾತು," ಎಂದಳು ಡಾಕ್ಟರ್. ಮಹ್ಜೂಬಾ ಮಾತ್ರೆಗಳನ್ನು ನೂಲಿನ ಚೀಲದಲ್ಲಿ ಅಡಗಿಸಿಕೊಂಡು ಮನೆಗೆ ಬಂದಳು. ಅತ್ತೆಗೆ ಏನೂ ಹೇಳಲಿಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಾತ್ರೆ ತನ್ನ ಕೆಲಸ ಮಾಡಿತು. ಮುಟ್ಟು ನಿಂತಿತು, ಕೆನ್ನೆಗೆ ಬಣ್ಣ ಬಂತು. ಕಿಬ್ಬೊಟ್ಟೆಯ ಭಾರವೂ ಸೆಳೆತವೂ ಹೋಗಲಿಲ್ಲ, ಆದರೆ ನಿಂತು ನಡೆಯುವಷ್ಟು ತ್ರಾಣ ಬಂತು. ಎಡವಟ್ಟಾದದ್ದೂ ಇದರಿಂದಲೇ. ಒಂದೇ ಬಚ್ಚಲು, ಒಂದೇ ಹಗ್ಗದ ಮೇಲೆ ಬಟ್ಟೆ ಒಣಗಿಸುವ ಮನೆ. ಸೊಸೆ ಮುಟ್ಟಾಗಿಲ್ಲವೆಂಬುದು ಎಷ್ಟು ದಿನ ಮುದುಕಿಯ ಕಣ್ಣು ತಪ್ಪೀತು? ಮುಟ್ಟು ನಿಂತಿದೆ, ಮುಖ ಕಳೆಗಟ್ಟಿದೆ, ಹೊಟ್ಟೆ ಇದ್ದ ಹಾಗೇ ಇದೆ. ಲಲ್ಲಾ ಯಾಮ್ನಾ ಕೂಡಿ ಕಳೆದು ನೋಡಿದಳು. ಅವಳ ಪ್ರಕಾರ ಅದಕ್ಕೆ ಒಂದೇ ಅರ್ಥ.

ಮಗು ಎದ್ದಿತ್ತು!

ಗುರುವಾರ ಮಹ್ಜೂಬಾ ಸಾರ್ವಜನಿಕ ಸ್ನಾನದ ಮನೆಯಿಂದ ಹಿಂತಿರುಗುವಾಗ ಓಣಿಯ ತಿರುವಿನಲ್ಲೇ ಹುರಿದ ಹಿಟ್ಟಿನ ಪರಿಮಳ ಬಂತು. ಬಾಣಂತಿಗೆಂದು ಮಾಡುವ ಸಲ್ಲೂ! ಅಂಗಳದಲ್ಲಿ ಹೆಂಗಸರು ತುಂಬಿದ್ದರು. ಒಬ್ಬಳು ಬಾದಾಮಿ ಕರಿಯುತ್ತಿದ್ದಳು, ಒಬ್ಬಳು ಎಳ್ಳು ಕುಟ್ಟುತ್ತಿದ್ದಳು, ನಡುವೆ ಲಲ್ಲಾ ಯಾಮ್ನಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಮದುವಣಗಿತ್ತಿಯಂತೆ ಹೊಳೆಯುತ್ತಿದ್ದಳು. ಸೊಸೆಯನ್ನು ಕಂಡಕೂಡಲೇ ಎಲ್ಲರೂ ಸಂಭ್ರಮಕ್ಕೆ ನಾಲಗೆ ಹೊರಳಿಸಿ ಯೂಯೂ ಎಂದು ಕೂಗಿದರು.

"ಇನ್ನೂ ಇಷ್ಟು ಬೇಗ ಯಾಕೆ ಯಾಮ್ನಾ, ಹೆರಿಗೆಗೆ ತಿಂಗಳುಗಟ್ಟಲೆ ಇದೆಯಲ್ಲ?" ಎಂದಳು ಒಬ್ಬ ಮುದುಕಿ.

"ಆರು ವರ್ಷ ಕಾದಿದೀನಿ. ನೀನು ಕಾದಿದ್ದೀಯಾ? ಬಾಯ್ಮುಚ್ಕೊಂಡು ಎಳ್ಳು ಕುಟ್ಟು."

ಮಹ್ಜೂಬಾ ನಗಲು ನೋಡಿದಳು, ಆಗಲಿಲ್ಲ. ಮೂಲೆಯಲ್ಲಿ ಶಾಮಾ ತಲೆ ತಗ್ಗಿಸಿ ಕೂತಿದ್ದಳು. ಹೆಂಗಸರೆಲ್ಲ ಹೋಗುವವರೆಗೆ ಮಹ್ಜೂಬಾ ಒಳಗೆ ಗೋಡೆಗೊರಗಿ ನಿಂತಿದ್ದಳು. ಆಮೇಲೆ ಬಂದು ಅತ್ತೆಯ ಎದುರು ನೆಲಕ್ಕೆ ಕೂತು, ಅವಳ ಹಿಟ್ಟಿನ ಕೈಗಳನ್ನು ಹಿಡಿದುಕೊಂಡಳು.

"ಲಲ್ಲಾ, ಮಗು ಇಲ್ಲ."

"ಏನಂದೆ?"

"ಮಗು ಎದ್ದಿಲ್ಲ. ಮಲಗೂ ಇರಲಿಲ್ಲ. ಇದು ಕಾಯಿಲೆ. ಫೆಸ್‌ನಲ್ಲಿ ತೋರಿಸ್ದೆ. ಮುಟ್ಟು ನಿಂತಿರೋದು ಮಾತ್ರೆಯಿಂದ."

ಲಲ್ಲಾ ಯಾಮ್ನಾ ಕೈ ಕಿತ್ತುಕೊಂಡಳು. ಕಣ್ಣು ಕೆಂಡವಾಯಿತು. "ಮಾತ್ರೆ ತಿಂದ್ಯಾ? ಮಲಗಿದ ಮಗೂನ ಇಟ್ಕೊಂಡು ಮಾತ್ರೆ ತಿಂದ್ಯಾ, ಪಾಪಿ? ಯಾವಳು ಹೇಳಿದ್ದು ಮಗು ಇಲ್ಲ ಅಂತ? ಆರು ಹೆತ್ತೋಳು ನಾನು! ನನ್ನ ಕೈಗೆ ಸಿಕ್ಕಿದೆ ಅದು, ತಿರುಗಿದ್ದು ನನ್ನ ಕೈಗೆ ಸಿಕ್ಕಿದೆ!"

"ನೀವೇ ಬಂದು ಕೇಳಿ ಲಲ್ಲಾ."

"ಬರ್ತೀನಿ! ಬರದೆ ಬಿಡ್ತೀನಾ? ಆ ಡಾಕ್ಟರ ಕಣ್ಣಿಗೆ ಏನು ಪೊರೆ ಬಂದಿದೆಯೋ ನೋಡೇಬಿಡ್ತೀನಿ."

ಮರುದಿನವೆಲ್ಲ ಮುದುಕಿ ಸೊಸೆಗೆ ಬೆನ್ನು ತಿರುಗಿಸಿಯೇ ಓಡಾಡಿದಳು. ಶನಿವಾರ ಫೆಸ್‌ಗೆ ಹೋಗುವ ಬಾಡಿಗೆ ಟ್ಯಾಕ್ಸಿಯಲ್ಲಿ ಜನ ಒತ್ತಿಕೊಂಡು ಕೂತಾಗಲೂ ಮುಖ ಕಿಟಕಿಗೇ ತಿರುಗಿಸಿದ್ದಳು. ಆದರೆ ತಿರುವಿನಲ್ಲಿ ಟ್ಯಾಕ್ಸಿ ಜೋಲಿ ಹೊಡೆದಾಗಲೆಲ್ಲ ಅವಳ ಕೈ ತಾನಾಗಿ ಬಂದು ಸೊಸೆಯ ಹೊಟ್ಟೆಗೆ ಅಡ್ಡ ನಿಲ್ಲುತ್ತಿತ್ತು.

ಡಾಕ್ಟರ್ ಸ್ಕಲ್ಲಿ ಮುದುಕಿಗೆ ಪರದೆಯ ಹತ್ತಿರವೇ ಕುರ್ಚಿ ಹಾಕಿಸಿದಳು. ಯಂತ್ರವನ್ನು ಹೊಟ್ಟೆಯ ಮೇಲಿಟ್ಟು ಒಂದೊಂದನ್ನೇ ತೋರಿಸಿದಳು: ಇದು ಗೋಡೆ, ನೋಡಿ ಎಷ್ಟು ದಪ್ಪ, ಈ ಕಪ್ಪು ಚುಕ್ಕೆಗಳೆಲ್ಲ ಗೋಡೆಯೊಳಗೆ ಸಿಕ್ಕಿಕೊಂಡದ್ದು, ಇದು ಮಧ್ಯದ ಜಾಗ, ಮಗುವಿದ್ದರೆ ಇಲ್ಲಿರಬೇಕಿತ್ತು.

"ಹಿಂದೆ ನೋಡಿ," ಎಂದಳು ಲಲ್ಲಾ ಯಾಮ್ನಾ. "ಗೋಡೆ ಹಿಂದೆ ಇರಬಹುದು. ನಾಚಿಕೆ ಸ್ವಭಾವ. ಅವರಪ್ಪನೂ ಹಾಗೇ, ನೆಂಟರು ಬಂದ್ರೆ ಕಂಬಳಿ ರಾಶಿ ಹಿಂದೆ ಬಚ್ಚಿಟ್ಕೊಳ್ಳೋನು."

ಡಾಕ್ಟರ್ ಹಿಂದೆ ನೋಡಿದಳು.

"ಎಡಗಡೆ?"

ಎಡಗಡೆಯೂ ನೋಡಿದಳು. ಹೊರಗೆ ರೋಗಿಗಳ ಸಾಲು ಗೊಣಗುತ್ತಿತ್ತು. ಆ ಪುಣ್ಯಾತ್ಗಿತ್ತಿ ಒಂದು ಮೂಲೆಯನ್ನೂ ಬಿಡದೆ ಹುಡುಕಿದಳು. ಕೊನೆಗೆ ಯಂತ್ರವನ್ನು ಕೆಳಗಿಟ್ಟು, "ಇಲ್ಲ ಅಮ್ಮ," ಎಂದಳು. "ಇದ್ದಿದ್ರೆ ನಿಮ್ಮ ಕೈಗೆ ನಾನೇ ಕೊಡ್ತಿದ್ದೆ."

ಲಲ್ಲಾ ಯಾಮ್ನಾ ಪರದೆಯನ್ನೇ ನೋಡುತ್ತಿದ್ದಳು. "ತಿರುಗಿದ್ದು?"

"ಗರ್ಭಕೋಶ ಹಿಂಡಿಕೊಳ್ಳೋದು ಅದು. ಹೆರಿಗೆ ನೋವಿನ ಹಾಗೇ ಇರತ್ತೆ."

"ಹೆರಿಗೆ ನೋವಿನ ಹಾಗೆ?" ಮುದುಕಿಯ ದನಿ ಇಳಿಯಿತು. "ತಿಂಗಳು ತಿಂಗಳೂ?"

"ತಿಂಗಳು ತಿಂಗಳೂ."

ಅವಳು ಎದ್ದಳು. ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಮಹ್ಜೂಬಾ ಹೊಟ್ಟೆಯ ಲೇಪ ಒರೆಸಿಕೊಂಡು, ಚಪ್ಪಲಿ ಸರಿಯಾಗಿ ಮೆಟ್ಟದೆ ಹಿಂದೆ ಓಡಿದಳು. ಆಸ್ಪತ್ರೆಯ ಅಂಗಳದಲ್ಲಿ, ಕಿತ್ತಳೆ ಗಿಡದ ಕಟ್ಟೆಯ ಮೇಲೆ, ಮುದುಕಿ ಕುಸಿದು ಕೂತು ಅಳುತ್ತಿದ್ದಳು. ಅಲ್ಲಾಲ್ ಸತ್ತಾಗ ಅಳದವಳು. ಮಗು ಬರುತ್ತದೆಂದು ಆ ಅಳುವನ್ನು ಮುಂದೂಡಿಕೊಂಡೇ ಬಂದವಳು. "ನನ್ನ ಕಂದಾ, ಅಲ್ಲಾಲ್, ಏನೂ ಉಳಿಸಿ ಹೋಗ್ಲಿಲ್ಲವಲ್ಲೋ," ಎಂದು ಎದೆ ಬಡಿದುಕೊಂಡಳು. ದಾರಿಹೋಕ ಹೆಂಗಸರು ನಿಂತು ಸಮಾಧಾನದ ಮಾತು ಹೇಳಿ ಮುಂದೆ ಹೋದರು.

ಮಹ್ಜೂಬಾ ಸ್ವಲ್ಪ ದೂರ ನಿಂತಿದ್ದಳು. ಹತ್ತಿರ ಹೋಗಲು ಯಾವ ಅಧಿಕಾರವಿದೆ ಎನ್ನಿಸಿತು. ಅಳು ಇಳಿದ ಮೇಲೆ, ತುಂಬಾ ಹೊತ್ತಿನ ಮೇಲೆ, ಆರು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಲಲ್ಲಾ, ನಾನು ಅಣ್ಣನ ಮನೆಗೆ ಹೋಗ್ಲಾ?"

ಲಲ್ಲಾ ಯಾಮ್ನಾ ತಲೆಯೆತ್ತಿದಳು. ಮೂಗು ಒರೆಸಿಕೊಂಡಳು. "ಯಾಕೆ? ಅಲ್ಲೇನು ಮದುವೆ ಊಟ ಇದ್ಯಾ?"

"ಮೊಮ್ಮಗ ಇಲ್ಲವಲ್ಲ ಲಲ್ಲಾ. ನಾನು ಇದ್ದು ಏನು?"

"ಆ ಡಾಕ್ಟರು ಮೂಲೆ ಮೂಲೆ ಹುಡುಕಿ ಮೊಮ್ಮಗ ಇಲ್ಲ ಅಂದ್ಳು. ಮಗಳೂ ಇಲ್ಲ ಅಂದ್ಳಾ? ನನ್ನ ಕಿವಿಗೆ ಬೀಳ್ಲಿಲ್ಲವಲ್ಲ!" ಗದರುತ್ತಲೇ ಅವಳ ದನಿ ಒಡೆಯಿತು. ಸೊಸೆಯ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ನೀನು ನರಳಿದಾಗಲೆಲ್ಲ ನಾನು ಖುಷಿಪಟ್ಟೆ ಕಣೇ. ನೀನು ಮಾತ್ರೆ ಕೇಳ್ದೆ, ನಾನು ಹಲ್ಲು ಕಚ್ಕೋ ಅಂದೆ. ಹೆರಿಗೆ ನೋವು ಅಂದ್ರೆ ಏನು ಅಂತ ಗೊತ್ತಿಲ್ಲದೋಳಾ ನಾನು? ನಿನ್ನ ಮುಖ ನೋಡ್ಲೇ ಇಲ್ಲ. ಹೊಟ್ಟೆ ಒಂದನ್ನೇ ನೋಡ್ದೆ."

"ಇಲ್ಲ ಲಲ್ಲಾ, ನೀವು ನನ್ನ ಚೆನ್ನಾಗೇ ನೋಡ್ಕೊಂಡ್ರಿ."

"ಸುಳ್ಳು ಹೇಳ್ಬೇಡ, ಹಲ್ಲು ಉದುರಿಸ್ತೀನಿ. ಏಳು. ಒಳಗೆ ನಡಿ. ಮುಂದೇನು ಅಂತ ಕೇಳಣ."

ಒಳಗೆ ಹೋಗಿ ಮುದುಕಿಯೇ ಮೊದಲು ಬಾಯಿ ತೆರೆದಳು: "ತೆಗೀಬೇಕಾ? ಇಡಬೇಕಾ? ಹೇಳಿ." ಡಾಕ್ಟರ್ ಮಹ್ಜೂಬಾಳತ್ತ ತಿರುಗಿ, ಅದನ್ನು ಹೇಳಬೇಕಾದವರು ಇವರು ಎಂದಳು. ಲಲ್ಲಾ ಯಾಮ್ನಾ ಇನ್ನೇನೋ ಹೇಳಲು ಹೋಗಿ, ತುಟಿ ಬಿಗಿದುಕೊಂಡು, ಸೊಸೆಯ ಮುಖವನ್ನೇ ನೋಡುತ್ತಾ ಕೂತಳು. ಅವಳು ಬಾಯಿ ಮುಚ್ಚಿ ಕಾದದ್ದನ್ನು ಮಹ್ಜೂಬಾ ಕಂಡದ್ದು ಅದೇ ಮೊದಲು.

ಮಹ್ಜೂಬಾ ಆ ದಿನ ಏನನ್ನೂ ತೀರ್ಮಾನಿಸಲಿಲ್ಲ. ಮಾತ್ರೆ ಮುಂದುವರಿಸಿದಳು, ಚೇತರಿಸಿಕೊಂಡಳು, ಯೋಚಿಸಿದಳು. ಸೆಳೆತ ಬಿಡಲಿಲ್ಲ. ಚಳಿಗಾಲ ಬರುವ ಹೊತ್ತಿಗೆ ತಾನಾಗಿಯೇ, "ತೆಗೆಸ್ಕೊಳ್ತೀನಿ," ಎಂದಳು. "ಸರಿ," ಎಂದಳು ಲಲ್ಲಾ ಯಾಮ್ನಾ, ಅಷ್ಟೇ. ಓಣಿಯವರು ಬಿಟ್ಟಾರೆಯೇ? ಮಗುವಿನ ಕತೆ ಏನಾಯಿತು ಎಂದು ಹೊಸ್ತಿಲು ಹೊಸ್ತಿಲಲ್ಲೂ ಕೊಂಕು. "ನಾನು ತಪ್ಪು ತಿಳ್ಕೊಂಡಿದ್ದೆ. ಅವಳಿಗೆ ಕಾಯಿಲೆ ಇತ್ತು. ನಿಮ್ಮ ಮನೆ ಹೆಣ್ಣುಮಕ್ಕಳಿಗೆ ಹೊಟ್ಟೆನೋವು ಬಂದ್ರೆ ನನ್ನ ಹಾಗೆ ಕಣಿ ಹೇಳ್ಬೇಡಿ, ಡಾಕ್ಟ್ರಿಗೆ ತೋರಿಸಿ," ಎಂದು ಮುದುಕಿ ಮುಖಕ್ಕೆ ಹೊಡೆದಂತೆ ಹೇಳಿದಳು. ಎಪ್ಪತ್ತು ದಾಟಿದ ಹೆಂಗಸು ಓಣಿಯ ನಡುವೆ ನಿಂತು ತಪ್ಪಾಯಿತು ಎನ್ನುವುದು ಸಣ್ಣ ಮಾತಲ್ಲ. ಅವಳ ಮೇಲಿದ್ದ ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಮಹ್ಜೂಬಾ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು. ಮಂಚದ ಪಕ್ಕದಲ್ಲಿ ಲಲ್ಲಾ ಯಾಮ್ನಾ ಕೂತಿದ್ದಳು. ಹೊಲಿಗೆಯ ಜಾಗ ಚುರುಗುಟ್ಟುತ್ತಿತ್ತು. ಮಹ್ಜೂಬಾ ಅಭ್ಯಾಸಬಲದಿಂದ ಹಲ್ಲು ಕಚ್ಚಿದಳು, ಆದರೂ ಒಂದು ಸಣ್ಣ ನರಳು ತಪ್ಪಿಸಿಕೊಂಡು ಹೊರಬಿತ್ತು.

ಮುದುಕಿ ತಟ್ಟನೆ ಬಾಗಿ ಅವಳ ಮುಖ ನೋಡಿದಳು. "ನೋವಾ?"

"ಸ್ವಲ್ಪ. ತಡ್ಕೋತೀನಿ ಲಲ್ಲಾ."

"ಯಾಕೆ ತಡ್ಕೋತೀಯ?" ಎಂದವಳೇ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಬಾಗಿಲಿಗೆ ಓಡಿ, ಆಸ್ಪತ್ರೆಯ ಉದ್ದದ ಪಡಸಾಲೆಯೆಲ್ಲ ಮೊಳಗುವ ಹಾಗೆ ಕೂಗಿದಳು: "ಯಾರಿದ್ದೀರಿ ಅಲ್ಲಿ? ಬನ್ನಿ ಬೇಗ! ನನ್ನ ಮಗಳಿಗೆ ನೋವಾಗ್ತಾ ಇದೆ!"